ಗಿರಾಕಿ, ರೋಗಿ, ಅಪರಾಧಿ: ಭಾರತದ ಮಾದಕವಸ್ತು ಕಾನೂನುಗಳಲ್ಲಿ ವ್ಯಸನಿಯ ಸ್ಥಾನ

ಭಾರತ ಸಂವಿಧಾನದ 47ನೆಯ ಅನುಚ್ಛೇದವನ್ನು ಪಾನನಿರೋಧದ ಅನುಚ್ಛೇದವೆಂದು ಕರೆಯುವುದು ವಾಡಿಕೆ. ಆದರೆ ಅದು ಆರಂಭವಾಗುವುದು ಪಾನನಿರೋಧದಿಂದಲ್ಲ. ಜನರ ಪೌಷ್ಟಿಕತೆಯ ಮಟ್ಟವನ್ನೂ ಜೀವನಮಟ್ಟವನ್ನೂ ಎತ್ತರಿಸುವುದು ಹಾಗೂ ಸಾರ್ವಜನಿಕ ಆರೋಗ್ಯವನ್ನು ಸುಧಾರಿಸುವುದು ರಾಜ್ಯದ ಪ್ರಾಥಮಿಕ ಕರ್ತವ್ಯಗಳೆಂದು ಅದು ಮೊದಲು ಸಾರುತ್ತದೆ. ಆನಂತರವೇ, ಔಷಧೀಯ ಉದ್ದೇಶಗಳನ್ನು ಹೊರತುಪಡಿಸಿ, ಆರೋಗ್ಯಕ್ಕೆ ಹಾನಿಕರವಾದ ಮಾದಕ ಪಾನೀಯ ಮತ್ತು ಪದಾರ್ಥಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಪ್ರಯತ್ನಿಸಬೇಕೆಂಬ ಮಾತು ಬರುತ್ತದೆ. ಅಂದರೆ ಸಂವಿಧಾನಕಾರರ ದೃಷ್ಟಿಯಲ್ಲಿ ನಿಷೇಧವು ಆರೋಗ್ಯವೆಂಬ ಗುರಿಗೆ ಒಂದು ಸಾಧನ. ಅನಂತರದ ದಶಕಗಳಲ್ಲಿ ಸಾಧನವೇ ಗುರಿಯ ಸ್ಥಾನವನ್ನು ಆಕ್ರಮಿಸಿದ್ದು ಹೇಗೆ, ಅದರ ಪರಿಣಾಮವನ್ನು ಅನುಭವಿಸಿದವರು ಯಾರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಾದಕವಸ್ತುಗಳ ಚರಿತ್ರೆಯನ್ನು ಸಾಮಾನ್ಯವಾಗಿ ವಸ್ತುವಿನ ದೃಷ್ಟಿಯಿಂದ, ಇಲ್ಲವೇ ವ್ಯಾಪಾರದ ದೃಷ್ಟಿಯಿಂದ ಬರೆಯಲಾಗಿದೆ. ಇಲ್ಲಿ ಕೇಂದ್ರದಲ್ಲಿರುವುದು ಸೇವಿಸುವ ಮನುಷ್ಯ. ಕಳೆದ ನೂರಮೂವತ್ತು ವರ್ಷಗಳಲ್ಲಿ ಕಾನೂನು ಅವನನ್ನು ಒಮ್ಮೆ ಗಿರಾಕಿಯೆಂದೂ, ಒಮ್ಮೆ ಬಲಿಪಶುವೆಂದೂ, ಒಮ್ಮೆ ರೋಗಿಯೆಂದೂ, ಕೊನೆಗೆ ಅಪರಾಧಿಯೆಂದೂ ಕಂಡಿದೆ. ಸೇವನೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯಬೇಕೆಂಬ ಇಂದಿನ ವಾದವನ್ನು ಪರದೇಶದಿಂದ ಆಮದಾದ ವಿಚಾರವೆಂದು ಬಗೆಯುವವರಿದ್ದಾರೆ. ನಮ್ಮದೇ ದಾಖಲೆಗಳು ಬೇರೆಯ ಮಾತನ್ನು ಹೇಳುತ್ತವೆ.

1. ಅಬಕಾರಿಯ ಗಿರಾಕಿ

ವಸಾಹತು ಆಡಳಿತಕ್ಕೆ ಅಫೀಮು ಮತ್ತು ಗಾಂಜಾ ಮೊದಲಿಗೆ ವರಮಾನದ ಬಾಬುಗಳು. 1857ರ ಹಾಗೂ 1878ರ ಅಫೀಮು ಕಾಯ್ದೆಗಳು ಗಸಗಸೆಯ ಬೇಸಾಯ, ತಯಾರಿಕೆ ಮತ್ತು ಮಾರಾಟವನ್ನು ಸರ್ಕಾರದ ಹತೋಟಿಗೆ ತಂದವು. ಗಾಜೀಪುರದ ಅಫೀಮು ಕಾರ್ಖಾನೆ ಅದಕ್ಕೂ ಮೊದಲೇ, 1820ರಿಂದಲೇ ನಡೆಯುತ್ತಿತ್ತು. ಗಾಂಜಾ, ಭಂಗಿ, ಚರಸ್ಸುಗಳು ಪ್ರಾಂತ್ಯಗಳ ಅಬಕಾರಿ ವ್ಯವಸ್ಥೆಯಲ್ಲಿ ಪರವಾನಗಿ ಮತ್ತು ಸುಂಕಗಳಿಗೆ ಒಳಪಟ್ಟಿದ್ದವು. ಮೈಸೂರು ಸಂಸ್ಥಾನದ ಆಡಳಿತ ವರದಿಗಳಲ್ಲಿಯೂ ಇವು ಸಾರಾಯಿ, ಸೇಂದಿಗಳ ಜೊತೆಯಲ್ಲಿ ಅಬಕಾರಿ ಶೀರ್ಷಿಕೆಯಡಿಯೇ ಕಾಣಿಸಿಕೊಳ್ಳುತ್ತವೆ. ಪರವಾನಗಿ ಪಡೆದ ಅಂಗಡಿಯಿಂದ ಕೊಳ್ಳುವವನು ಸರ್ಕಾರಕ್ಕೆ ಗಿರಾಕಿ. ಕಳ್ಳತನದಿಂದ ಮಾರುವವನು ಮಾತ್ರ ಅಪರಾಧಿ, ಅದೂ ಸುಂಕ ತಪ್ಪಿಸಿದ ಕಾರಣಕ್ಕೆ.

ಈ ವ್ಯವಸ್ಥೆಯನ್ನು ಇಂಗ್ಲೆಂಡಿನ ಸಂಯಮವಾದಿಗಳು ಪ್ರಶ್ನಿಸಿದರು. 1893ರ ಮಾರ್ಚ್ ತಿಂಗಳಿನಲ್ಲಿ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಡಬ್ಲ್ಯು.ಎಸ್. ಕೇನ್ ಎತ್ತಿದ ಪ್ರಶ್ನೆಯ ಫಲವಾಗಿ ಭಾರತ ಸರ್ಕಾರವು ಗಾಂಜಾ ಕುರಿತ ಆಯೋಗವೊಂದನ್ನು ನೇಮಿಸಿತು. ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷತೆಯ, ಮೂವರು ಭಾರತೀಯರೂ ಸೇರಿದಂತೆ ಏಳು ಸದಸ್ಯರಿದ್ದ ಈ ಆಯೋಗವು 1193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು 1894ರಲ್ಲಿ ವರದಿಯನ್ನು ಪೂರ್ಣಗೊಳಿಸಿತು. ಮಿತವಾದ ಸೇವನೆಯಿಂದ ಗಣನೀಯವಾದ ದೈಹಿಕ, ಮಾನಸಿಕ ಅಥವಾ ನೈತಿಕ ಹಾನಿಯಿಲ್ಲ, ಅತಿಸೇವನೆ ಹಾನಿಕರ, ಸೇವಿಸುವವರಲ್ಲಿ ಮಿತಸೇವಿಗಳೇ ಹೆಚ್ಚು ಎಂಬುದು ಅದರ ನಿರ್ಣಯ. ಸಂಪೂರ್ಣ ನಿಷೇಧವನ್ನು ಅದು ಶಿಫಾರಸು ಮಾಡಲಿಲ್ಲ. ನಿಷೇಧದಿಂದ ಜನರು ಇನ್ನೂ ಹಾನಿಕರವಾದ ಮಾದಕಗಳತ್ತ ಹೊರಳಬಹುದೆಂದು ಎಚ್ಚರಿಸಿ, ಸುಂಕ, ಪರವಾನಗಿ ಮತ್ತು ಬೇಸಾಯದ ನಿಯಂತ್ರಣಗಳ ಮೂಲಕ ಅತಿಸೇವನೆಯನ್ನು ತಡೆಯುವ ಮಾರ್ಗವನ್ನು ಸೂಚಿಸಿತು.

ಚರಿತ್ರೆಕಾರನಿಗೆ ಆಯೋಗದ ನಿರ್ಣಯಕ್ಕಿಂತಲೂ ಅದರ ವಿಧಾನವೇ ಹೆಚ್ಚು ಮುಖ್ಯ. ಗಾಂಜಾ ಹುಚ್ಚಿಗೆ ಕಾರಣವೆಂಬ ನಂಬಿಕೆಗೆ ಅಂದು ಆಧಾರವಾಗಿದ್ದುದು ಹುಚ್ಚಾಸ್ಪತ್ರೆಗಳ ಅಂಕಿ-ಅಂಶ. ಆಯೋಗವು ಆ ಅಂಕಿಗಳನ್ನು ಹಾಗೆಯೇ ಸ್ವೀಕರಿಸದೆ, 1892ರಲ್ಲಿ ದಾಖಲಾದ ರೋಗಿಗಳ ವಿವರಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಆ ವರ್ಷ ಗಾಂಜಾ ಮೊದಲಾದವುಗಳ ಹೆಸರಿನಲ್ಲಿ ನಮೂದಾಗಿದ್ದ 222 ಪ್ರಕರಣಗಳಲ್ಲಿ ಪರಿಶೀಲನೆಯ ಬಳಿಕ ಉಳಿದವು 98 ಮಾತ್ರ. ರೋಗಿಯನ್ನು ಕರೆತಂದ ಪೊಲೀಸರು ಕಾಗದದಲ್ಲಿ ‘ಕಾರಣ’ವೆಂಬ ಅಂಕಣವನ್ನು ತುಂಬಬೇಕಾಗಿತ್ತು. ಆ ಮನುಷ್ಯನು ಎಂದಾದರೂ ಗಾಂಜಾ ಸೇದಿದ್ದನೆಂದು ಯಾರಾದರೂ ಹೇಳಿದರೆ ಅದನ್ನೇ ಕಾರಣವೆಂದು ಬರೆದು ಮುಗಿಸುತ್ತಿದ್ದರು. ಆಸ್ಪತ್ರೆಯ ವೈದ್ಯರು ಅದನ್ನೇ ನಕಲು ಮಾಡುತ್ತಿದ್ದರು. ಪೊಲೀಸರ ಊಹೆಯೊಂದು ಹೀಗೆ ವೈದ್ಯಕೀಯ ಸತ್ಯವಾಗಿ ಪರಿಣಮಿಸುತ್ತಿತ್ತು. ಮಾದಕವಸ್ತುಗಳ ಹಾನಿಯನ್ನು ಅಳೆಯುವ ಮುನ್ನ ಅಳತೆಗೋಲನ್ನೇ ಪರೀಕ್ಷಿಸಬೇಕೆಂಬ ಈ ಪಾಠವು ಇಂದಿಗೂ ಹಳತಾಗಿಲ್ಲ.

ಆದರೆ ಆಯೋಗವನ್ನು ಉದಾರವಾದದ ಸ್ಮಾರಕವೆಂದು ಕೊಂಡಾಡುವುದೂ ಸರಿಯಲ್ಲ. ಸುಂಕದ ವರಮಾನವನ್ನು ಉಳಿಸಿಕೊಳ್ಳುವ ಹಿತಾಸಕ್ತಿ ಸರ್ಕಾರಕ್ಕೆ ಇದ್ದೇ ಇತ್ತು. ಅದೇ ಕಾಲದಲ್ಲಿ ನೇಮಕಗೊಂಡು 1895ರಲ್ಲಿ ವರದಿ ನೀಡಿದ ಅಫೀಮು ಕುರಿತ ರಾಯಲ್ ಆಯೋಗವು ಅಫೀಮಿನ ವ್ಯಾಪಾರವನ್ನೇ ಸಮರ್ಥಿಸಿತೆಂಬುದನ್ನು ಮರೆಯುವಂತಿಲ್ಲ. ಗಿರಾಕಿಯನ್ನು ಶಿಕ್ಷಿಸದ ಆಡಳಿತವು ಅವನ ಆರೈಕೆಯ ಹೊಣೆಯನ್ನೂ ಹೊರಲಿಲ್ಲ.

2. ಬಲಿಪಶುವಿನಿಂದ ರೋಗಿಗೆ

ಈ ವರಮಾನನೀತಿಯನ್ನು ನೈತಿಕ ನೆಲೆಯಿಂದ ಎದುರಿಸಿದ್ದು ರಾಷ್ಟ್ರೀಯ ಚಳವಳಿ. ಅಫೀಮಿನ ಸೇವನೆ ಅತಿಯಾಗಿದ್ದ ಅಸ್ಸಾಮಿನಲ್ಲಿ ಕಾಂಗ್ರೆಸ್ ನೇಮಿಸಿದ್ದ ವಿಚಾರಣಾ ಸಮಿತಿಯು 1925ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು; ಸಿ.ಎಫ್. ಆಂಡ್ರೂಸ್ ಈ ಕಾರ್ಯದೊಂದಿಗೆ ನಿಕಟವಾಗಿದ್ದರು. ಚಳವಳಿಯ ದೃಷ್ಟಿಯಲ್ಲಿ ಅಪರಾಧಿ ಸ್ಥಾನದಲ್ಲಿದ್ದುದು ಪ್ರಜೆಗಳ ದುರ್ಬಲತೆಯಿಂದ ಖಜಾನೆ ತುಂಬಿಕೊಳ್ಳುವ ಸರ್ಕಾರ. ವ್ಯಸನಿಯು ಅದರ ಬಲಿಪಶು. ಮದ್ಯದಂಗಡಿಗಳ ಮುಂದಿನ ಪಿಕೆಟಿಂಗ್‌ನಲ್ಲಿಯೂ ಒಳಗೆ ಹೋಗುವವನ ಮನವೊಲಿಸುವುದೇ ಕ್ರಮವಾಗಿತ್ತು. ಔಷಧೇತರ ಉಪಯೋಗಕ್ಕಾಗಿ ನಡೆಯುತ್ತಿದ್ದ ಅಫೀಮಿನ ರಫ್ತನ್ನು ವರ್ಷಕ್ಕೆ ಶೇ. 10ರಂತೆ ಇಳಿಸಿ 1935ರ ವೇಳೆಗೆ ನಿಲ್ಲಿಸುವುದಾಗಿ ಸರ್ಕಾರ 1926ರಲ್ಲಿ ಘೋಷಿಸಬೇಕಾಯಿತು. 1930ರ ಅಪಾಯಕಾರಿ ಔಷಧಗಳ ಕಾಯ್ದೆಯು ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಅನುಗುಣವಾಗಿ ಬಂದಿತು.

ಸ್ವಾತಂತ್ರ್ಯಾನಂತರದ ಮೊದಲ ದಶಕದ ಕ್ರಮವೊಂದು ಇಂದಿನ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆತುಹೋಗಿದೆ. 1949ರಲ್ಲಿ ನಡೆದ ಅಖಿಲ ಭಾರತ ಅಫೀಮು ಸಮ್ಮೇಳನವು ಔಷಧೇತರ ಅಫೀಮು ಸೇವನೆಯನ್ನು ಹತ್ತು ವರ್ಷಗಳಲ್ಲಿ ಕೊನೆಗಾಣಿಸಲು ತೀರ್ಮಾನಿಸಿತು. 1959ರ ಮಾರ್ಚ್ 31 ಅದರ ಗಡುವು. ಇದಕ್ಕಾಗಿ ಅನುಸರಿಸಿದ ಮಾರ್ಗ ಗಮನಾರ್ಹವಾದುದು. ಸರಬರಾಜನ್ನು ಒಮ್ಮೆಲೇ ನಿಲ್ಲಿಸದೆ ವರ್ಷದಿಂದ ವರ್ಷಕ್ಕೆ ಇಳಿಸಲಾಯಿತು, ವ್ಯಸನಿಗಳನ್ನು ನೋಂದಾಯಿಸಿಕೊಳ್ಳಲಾಯಿತು, ಗಡುವಿನ ನಂತರವೂ ವೈದ್ಯಕೀಯ ಆಧಾರದ ಮೇಲೆ ನೋಂದಾಯಿತರಿಗೆ ಅಫೀಮನ್ನು ಒದಗಿಸುವ ಅವಕಾಶವಿತ್ತು. ವ್ಯಸನವುಳ್ಳವನಿಂದ ಅಫೀಮನ್ನು ಥಟ್ಟನೆ ಕಿತ್ತುಕೊಂಡರೆ ಅವನ ದೇಹವು ತಾಳಲಾರದೆಂಬ ಅರಿವು ಈ ಕ್ರಮದ ಹಿಂದಿದೆ. ಇಂದು ಬದಲಿ ಔಷಧ ಚಿಕಿತ್ಸೆಯೆಂದು ಕರೆಯುವ ಪದ್ಧತಿಯ ತತ್ತ್ವವೂ ಇದಕ್ಕಿಂತ ಬಹಳ ದೂರದ್ದಲ್ಲ. ಹೊಸ ಗಣರಾಜ್ಯವು ವ್ಯಸನಿಯನ್ನು ಕಂಡದ್ದು ಪಟ್ಟಿಯಲ್ಲಿ ಹೆಸರಿರುವ ರೋಗಿಯಾಗಿ, ಸೆರೆಮನೆಯ ಕೈದಿಯಾಗಿ ಅಲ್ಲ.

3. 1985ರ ತಿರುವು

1961ರ ಏಕೈಕ ಒಪ್ಪಂದವು ಜಗತ್ತಿನ ಮಾದಕವಸ್ತು ಕಾನೂನುಗಳನ್ನು ಒಂದೇ ಸೂತ್ರಕ್ಕೆ ತಂದಿತು. ಗಾಂಜಾ ಗಿಡದ ಹೂಬಿಟ್ಟ ತುದಿಗಳನ್ನು ಮಾತ್ರ ‘ಗಾಂಜಾ’ ಎಂಬ ವ್ಯಾಖ್ಯೆಗೆ ಸೇರಿಸಿ ಬಿಡಿಯಾದ ಎಲೆ ಮತ್ತು ಬೀಜಗಳನ್ನು ಹೊರಗಿಟ್ಟದ್ದು ಭಂಗಿಯಂತಹ ಬಳಕೆಗೆ ಜಾಗವುಳಿಸಿತು. ಗಾಂಜಾದ ಔಷಧೇತರ ಬಳಕೆಯನ್ನು ನಿಲ್ಲಿಸಲು 25 ವರ್ಷಗಳ ಕಾಲಾವಕಾಶವನ್ನೂ ಒಪ್ಪಂದ ನೀಡಿತ್ತು. 1964ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಒಪ್ಪಂದದ ಈ ಅವಧಿ 1989ಕ್ಕೆ ಮುಗಿಯಬೇಕಿತ್ತು.

ಅಷ್ಟರಲ್ಲಿ ಪಶ್ಚಿಮದ ಅಫ್ಘಾನಿಸ್ತಾನ-ಪಾಕಿಸ್ತಾನ ಗಡಿ ಹಾಗೂ ಪೂರ್ವದ ಬರ್ಮಾ ಪ್ರದೇಶಗಳ ಹೆರಾಯಿನ್ ಸಾಗಣೆಗೆ ಭಾರತವು ದಾರಿಯಾಗತೊಡಗಿತು. 1930ರ ಕಾಯ್ದೆಯಲ್ಲಿ ಗರಿಷ್ಠ ಶಿಕ್ಷೆ ಮೂರು ವರ್ಷ, ಪುನರಾವರ್ತಿತ ಅಪರಾಧಕ್ಕೆ ನಾಲ್ಕು ವರ್ಷ ಮಾತ್ರವಿದ್ದುದರಿಂದ ಅದು ಸಾಲದೆಂಬುದು ಹೊಸ ಮಸೂದೆಗೆ ಕೊಟ್ಟ ಮುಖ್ಯ ಕಾರಣ. 1985ರ ಆಗಸ್ಟ್ 23ರಂದು ಲೋಕಸಭೆಯಲ್ಲಿ ಮಂಡನೆಯಾದ ಮಾದಕ ಔಷಧಗಳು ಮತ್ತು ಮನೋಪ್ರಭಾವಕ ವಸ್ತುಗಳ ಮಸೂದೆಗೆ ಸೆಪ್ಟೆಂಬರ್ 16ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ನವೆಂಬರ್ 14ರಂದು ಕಾಯ್ದೆ ಜಾರಿಗೆ ಬಂದಿತು. ಶತಮಾನಗಳ ಬಳಕೆಯೊಂದನ್ನು ಅಪರಾಧವಾಗಿಸಿದ ಶಾಸನಕ್ಕೆ ಒಂದು ತಿಂಗಳ ಚರ್ಚೆಯೂ ದೊರೆಯಲಿಲ್ಲ.

ಎನ್‌ಡಿಪಿಎಸ್ ಕಾಯ್ದೆಯೆಂದು ಪ್ರಸಿದ್ಧವಾದ ಈ ಶಾಸನವು ಬಹುತೇಕ ಅಪರಾಧಗಳಿಗೆ ಕನಿಷ್ಠ ಹತ್ತು ವರ್ಷಗಳ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಗಳ ದಂಡವನ್ನು ಕಡ್ಡಾಯಗೊಳಿಸಿತು. ಸೇವನೆಯೂ ಅಪರಾಧವೇ ಆಯಿತು. ಸ್ವಂತ ಸೇವನೆಗಾಗಿ ‘ಅಲ್ಪ ಪ್ರಮಾಣ’ವನ್ನು ಹೊಂದಿದ್ದವನಿಗೆ 27ನೆಯ ಪ್ರಕರಣದಲ್ಲಿ ವಸ್ತುವಿಗೆ ತಕ್ಕಂತೆ ಆರು ತಿಂಗಳು ಅಥವಾ ಒಂದು ವರ್ಷದವರೆಗಿನ ಕಡಿಮೆ ಶಿಕ್ಷೆಯಿತ್ತು. ಆದರೆ ಅದು ಸ್ವಂತ ಸೇವನೆಗಾಗಿಯೇ ಎಂದು ರುಜುವಾತು ಮಾಡುವ ಹೊಣೆ ಆರೋಪಿಯದು. ಹೆರಾಯಿನ್ನಿನ ಅಲ್ಪ ಪ್ರಮಾಣವನ್ನು 250 ಮಿಲಿಗ್ರಾಮಿಗೆ ನಿಗದಿಪಡಿಸಲಾಗಿತ್ತು. ಅಲ್ಲಿಂದಾಚೆಗೆ ವ್ಯಸನಿಗೂ ಸಾಗಣೆದಾರನಿಗೂ ಶಿಕ್ಷೆ ಒಂದೇ.

1989ರ ತಿದ್ದುಪಡಿಯು ಕಾಯ್ದೆಯನ್ನು ಮತ್ತಷ್ಟು ಬಿಗಿಗೊಳಿಸಿತು. ಕೆಲವು ಪುನರಾವರ್ತಿತ ಅಪರಾಧಗಳಿಗೆ ಮರಣದಂಡನೆ ಕಡ್ಡಾಯವಾಯಿತು. ಶಿಕ್ಷೆಯ ಅಮಾನತು ಮತ್ತು ಕಡಿತಗಳು ನಿಷಿದ್ಧವಾದವು. ಆರೋಪಿಯು ತಪ್ಪಿತಸ್ಥನಲ್ಲವೆಂದು ನಂಬಲು ಆಧಾರಗಳಿವೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನು ಇಲ್ಲವೆಂದಾಯಿತು. ಅದೇ ತಿದ್ದುಪಡಿಯಲ್ಲಿ, ಚಿಕಿತ್ಸೆಗೆ ತಾನಾಗಿ ಮುಂದಾಗುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಪ್ರಕರಣವೂ ಸೇರಿತು. ಶಿಕ್ಷೆಯ ಬದಲು ಚಿಕಿತ್ಸೆಗೆ ಕಳುಹಿಸುವ 39ನೆಯ ಪ್ರಕರಣ, ಚಿಕಿತ್ಸಾ ಕೇಂದ್ರಗಳನ್ನು ಸ್ಥಾಪಿಸುವ 71ನೆಯ ಪ್ರಕರಣಗಳು ಮೊದಲಿನಿಂದಲೂ ಇದ್ದವು. ಆರೋಗ್ಯದೃಷ್ಟಿಯು ಕಾಯ್ದೆಯಲ್ಲಿ ಇರಲೇ ಇಲ್ಲವೆಂದು ಹೇಳಲಾಗದು. ಆದರೆ ಅದು ಇದ್ದುದು ವಿನಾಯಿತಿಯ ರೂಪದಲ್ಲಿ, ವಿವೇಚನಾಧಿಕಾರದ ಕೃಪೆಯಾಗಿ. ಮೊದಲು ಬಂಧನ, ಆಮೇಲೆ ಬೇಕಿದ್ದರೆ ಚಿಕಿತ್ಸೆ ಎಂಬ ಕ್ರಮವನ್ನು ಕಾಯ್ದೆ ಸ್ಥಿರಗೊಳಿಸಿತು.

4. ಬೆಲೆ ತೆತ್ತವರು

ಈ ಕ್ರಮದ ಪರಿಣಾಮಗಳನ್ನು ಮೂರು ಕಡೆಗಳಲ್ಲಿ ಗುರುತಿಸಬಹುದು.

ಮೊದಲನೆಯದು ನ್ಯಾಯಾಲಯ. 1999ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಕೇರಳದ ಪ್ರಕರಣವೊಂದರಲ್ಲಿ ಆರೋಪಿಯ ಬಳಿ ಸಿಕ್ಕಿದ್ದುದು 100 ಮಿಲಿಗ್ರಾಂ ಬ್ರೌನ್ ಶುಗರ್. ಅದರ ಬೆಲೆ 25 ರೂಪಾಯಿ. ಕೆಳಗಿನ ನ್ಯಾಯಾಲಯಗಳು ಅವನಿಗೆ ವಿಧಿಸಿದ್ದ ಶಿಕ್ಷೆ ಹತ್ತು ವರ್ಷ. ಅದು ಸ್ವಂತ ಸೇವನೆಗಾಗಿ ಇದ್ದುದೆಂದು ಒಪ್ಪಿದ ಸರ್ವೋಚ್ಚ ನ್ಯಾಯಾಲಯವು ಶಿಕ್ಷೆಯನ್ನು ಇಳಿಸಿತು. ದೆಹಲಿಯವರೆಗೆ ಮೊಕದ್ದಮೆ ನಡೆಸಲಾಗದ ಕೂಲಿಕಾರನ ಪಾಡೇನು ಎಂಬ ಪ್ರಶ್ನೆಗೆ ತೀರ್ಪಿನ ಸಂಪುಟಗಳಲ್ಲಿ ಉತ್ತರವಿರುವುದಿಲ್ಲ.

ಎರಡನೆಯದು ಆಸ್ಪತ್ರೆ. ಔಷಧೀಯ ಅಫೀಮನ್ನು ಕಾನೂನುಬದ್ಧವಾಗಿ ಬೆಳೆದು ರಫ್ತು ಮಾಡುವ ದೇಶ ಭಾರತ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿಯಡಿ ಗಸಗಸೆಯನ್ನು ಬೆಳೆಯಲಾಗುತ್ತದೆ. ಆದರೂ 1985ರ ಅನಂತರ ದೇಶದೊಳಗಿನ ಮಾರ್ಫಿನ್ ಬಳಕೆ ಶೇ. 90ಕ್ಕೂ ಹೆಚ್ಚು ಕುಸಿದು 1997ರಲ್ಲಿ 18 ಕಿಲೋಗ್ರಾಮಿಗೆ ಇಳಿಯಿತು. ಬೇರೆ ಬೇರೆ ಇಲಾಖೆಗಳಿಂದ ಪಡೆಯಬೇಕಾದ ಪರವಾನಗಿಗಳ ಸಾಲು, ಸಣ್ಣ ಲೆಕ್ಕದೋಷಕ್ಕೂ ಹತ್ತು ವರ್ಷ ಸೆರೆಯಾದೀತೆಂಬ ಭಯ, ಇವುಗಳಿಂದ ಔಷಧದಂಗಡಿಗಳೂ ಆಸ್ಪತ್ರೆಗಳೂ ಮಾರ್ಫಿನ್ ಇಡುವುದನ್ನೇ ಬಿಟ್ಟವು. ಯಾವ ಮಾದಕವಸ್ತುವನ್ನೂ ವ್ಯಸನವಾಗಿ ಕಾಣದ ಕ್ಯಾನ್ಸರ್ ರೋಗಿಯು ತನ್ನ ಕೊನೆಯ ದಿನಗಳಲ್ಲಿ ನೋವಿನಿಂದ ನರಳಬೇಕಾಯಿತು. ಸಂವಿಧಾನವು ನಿಷೇಧದಿಂದ ಸ್ಪಷ್ಟವಾಗಿ ಹೊರಗಿಟ್ಟಿದ್ದ ‘ಔಷಧೀಯ ಉದ್ದೇಶ’ವೇ ಹೀಗೆ ಆಚರಣೆಯಲ್ಲಿ ನಿಷೇಧಕ್ಕೆ ಒಳಗಾಯಿತು.

ಮೂರನೆಯದು ಈಶಾನ್ಯದ ಅನುಭವ. ಬರ್ಮಾ ಗಡಿಯ ಮಣಿಪುರದಲ್ಲಿ ಚುಚ್ಚುಮದ್ದಿನ ಮೂಲಕ ಹೆರಾಯಿನ್ ಸೇವಿಸುವವರಲ್ಲಿ 1989ರ ಕೊನೆಯ ವೇಳೆಗೆ ಎಚ್‌ಐವಿ ಸೋಂಕು ಕಾಣಿಸಿಕೊಂಡು, ವರ್ಷವೊಂದು ಕಳೆಯುವುದರೊಳಗೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹರಡಿತು. ಬಂಧನದ ಭಯವಿರುವಲ್ಲಿ ಸಿರಿಂಜನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದೇ ಅಪಾಯ. ಆದುದರಿಂದ ಒಂದೇ ಸೂಜಿ ಹಲವರ ಕೈಗೆ ಹೋಗುತ್ತದೆ. ಶುದ್ಧ ಸೂಜಿಗಳ ವಿತರಣೆ ಮತ್ತು ಬ್ಯುಪ್ರಿನಾರ್ಫಿನ್ ಬದಲಿ ಚಿಕಿತ್ಸೆಗಳನ್ನು ಮೊದಲು ಕೈಗೊಂಡವರು ಸ್ವಯಂಸೇವಾ ಸಂಸ್ಥೆಗಳು. 2007ರಲ್ಲಿ ಆರಂಭವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೆಯ ಹಂತದಲ್ಲಿ ಬದಲಿ ಚಿಕಿತ್ಸೆಯೂ ಸರ್ಕಾರದ ಕಾರ್ಯಕ್ರಮವಾಯಿತು. ಒಂದು ಇಲಾಖೆ ಸೂಜಿ ಕೊಟ್ಟು ಕಾಪಾಡಲೆತ್ನಿಸಿದ ಮನುಷ್ಯನನ್ನು ಮತ್ತೊಂದು ಇಲಾಖೆ ಹುಡುಕಿ ಹಿಡಿಯುವ ಈ ವಿಪರ್ಯಾಸ ಮುಂದುವರಿದಿದೆ.

5. ಹಿಮ್ಮುಖ ನಡೆ, ಅರ್ಧ ದಾರಿ

ಕಾಯ್ದೆಯ ಕಾಠಿಣ್ಯವನ್ನು ಸಂಸತ್ತೇ ಮೊದಲು ಒಪ್ಪಿಕೊಂಡದ್ದು 2001ರಲ್ಲಿ. ಸಾಗಣೆದಾರರಿಗೆ ಕಠಿಣ ಶಿಕ್ಷೆಯನ್ನು ಉಳಿಸಿ, ವ್ಯಸನಿಗಳಿಗೂ ಸಣ್ಣ ಅಪರಾಧಿಗಳಿಗೂ ಶಿಕ್ಷೆಯನ್ನು ಇಳಿಸುವುದು ಆ ತಿದ್ದುಪಡಿಯ ಉದ್ದೇಶವಾಗಿತ್ತು. ಅಲ್ಪ, ಮಧ್ಯಮ, ವಾಣಿಜ್ಯ ಎಂಬ ಮೂರು ಪ್ರಮಾಣಗಳು ಬಂದವು. ಹೆರಾಯಿನ್ನಿನ ಅಲ್ಪ ಪ್ರಮಾಣ 5 ಗ್ರಾಮಿಗೆ ಏರಿತು. ಗಾಂಜಾಕ್ಕೆ ಅಲ್ಪ ಪ್ರಮಾಣ ಒಂದು ಕಿಲೋಗ್ರಾಂ, ವಾಣಿಜ್ಯ ಪ್ರಮಾಣ 20 ಕಿಲೋಗ್ರಾಂ ಎಂದಾಯಿತು. ಕಡ್ಡಾಯ ಮರಣದಂಡನೆಯು ಸಂವಿಧಾನಬಾಹಿರವೆಂದು 2011ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ತೀರ್ಪು ನೀಡಿತು. 2014ರ ತಿದ್ದುಪಡಿಯು ಆ ದಂಡನೆಯನ್ನು ವಿವೇಚನೆಗೆ ಬಿಟ್ಟು, ‘ಅಗತ್ಯ ಮಾದಕ ಔಷಧ’ಗಳೆಂಬ ವರ್ಗವನ್ನು ರಚಿಸಿ ಮಾರ್ಫಿನ್ನಿನಂತಹ ಔಷಧಗಳಿಗೆ ದೇಶಾದ್ಯಂತ ಏಕರೂಪದ ನಿಯಮಗಳನ್ನು ತಂದಿತು. ಅದೇ ತಿದ್ದುಪಡಿಯಲ್ಲಿ ಅಲ್ಪ ಪ್ರಮಾಣದ ಅಪರಾಧಕ್ಕಿದ್ದ ಗರಿಷ್ಠ ಶಿಕ್ಷೆಯು ಆರು ತಿಂಗಳಿಂದ ಒಂದು ವರ್ಷಕ್ಕೆ ಏರಿತೆಂಬುದನ್ನೂ ದಾಖಲಿಸಬೇಕು.

ಪ್ರಮಾಣವನ್ನು ಅಳೆಯುವ ಬಗೆಯೂ ವಿವಾದದ ವಿಷಯ. ಬೀದಿಯಲ್ಲಿ ಸಿಗುವ ಹೆರಾಯಿನ್ನಿನಲ್ಲಿ ಬೆರಕೆಯೇ ಅಧಿಕ. ಶುದ್ಧ ಅಂಶವನ್ನಷ್ಟೇ ಗಣಿಸಬೇಕೆಂದು 2008ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯವು 2020ರ ಏಪ್ರಿಲ್ ತಿಂಗಳಿನಲ್ಲಿ ಇಡೀ ಮಿಶ್ರಣದ ತೂಕವನ್ನೇ ಗಣಿಸಬೇಕೆಂದು ತೀರ್ಮಾನಿಸಿತು. ಕಳಪೆ ಸರಕನ್ನು ಕೊಳ್ಳುವ ಬಡ ವ್ಯಸನಿಯ ಕೈಯಲ್ಲಿರುವ ತೂಕವು ಇದರಿಂದ ಹೆಚ್ಚಾಗುತ್ತದೆ.

ಕರ್ನಾಟಕದಲ್ಲಿಯೂ ವ್ಯಾಖ್ಯೆಯ ಪ್ರಶ್ನೆ ಎದುರಾಗಿದೆ. 2022ರ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಜಾಮೀನು ಅರ್ಜಿಯೊಂದರ ಸಂದರ್ಭದಲ್ಲಿ, ಎಲೆಯಿಂದ ತಯಾರಾಗುವ ಭಂಗಿಯು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಅಭಿಪ್ರಾಯಪಟ್ಟಿತು. 1961ರಲ್ಲಿ ಉಳಿಸಿಕೊಂಡ ಎಲೆಯ ವಿನಾಯಿತಿಯು ಅರವತ್ತು ವರ್ಷಗಳ ಬಳಿಕ ಬೆಂಗಳೂರಿನಲ್ಲಿ ಒಬ್ಬ ವ್ಯಕ್ತಿಯ ಸ್ವಾತಂತ್ರ್ಯದ ಪ್ರಶ್ನೆಯಾಗಿ ಬಂದದ್ದು ಹೀಗೆ. ಇತ್ತ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ವ್ಯಸನವನ್ನು ಮರುಕಳಿಸುವ ಸ್ವಭಾವದ ಕಾಯಿಲೆಯೆಂದು ಪರಿಗಣಿಸಿ ಚಿಕಿತ್ಸೆ, ತರಬೇತಿ, ಸಂಶೋಧನೆಗಳನ್ನು ನಡೆಸುತ್ತ ಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಒಂದೇ ಸಂಸತ್ತಿನ ಒಂದು ಕಾಯ್ದೆಯಲ್ಲಿ ರೋಗಿಯಾಗಿರುವವನು ಮತ್ತೊಂದರಲ್ಲಿ ಅಪರಾಧಿ.

ಸಮಸ್ಯೆಯ ವ್ಯಾಪ್ತಿ ಸಣ್ಣದಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಅಫೀಮು ವರ್ಗದ ವಸ್ತುಗಳಿಂದ ಉಂಟಾದ ಸಮಸ್ಯೆಗಳಿಗೆ ನೆರವು ಬೇಕಿರುವವರ ಸಂಖ್ಯೆ ಸುಮಾರು 77 ಲಕ್ಷ. ಇಷ್ಟು ಜನರನ್ನು ಸೆರೆಮನೆಯ ಮೂಲಕ ಗುಣಪಡಿಸುವ ಕಲ್ಪನೆಯೇ ಅವಾಸ್ತವ. 2021ರಲ್ಲಿ ಅದೇ ಸಚಿವಾಲಯವು, ಸ್ವಂತ ಸೇವನೆಗಾಗಿ ಅಲ್ಪ ಪ್ರಮಾಣವನ್ನು ಹೊಂದಿರುವುದನ್ನು ಅಪರಾಧಮುಕ್ತಗೊಳಿಸಿ ಚಿಕಿತ್ಸೆಗೆ ಒಳಪಡಿಸುವಂತೆ ಶಿಫಾರಸು ಮಾಡಿದುದು ವರದಿಯಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತಾದರೂ ಅದು 2014ರ ಕರಡುದೋಷವೊಂದರ ನಿವಾರಣೆಗಷ್ಟೇ ಸೀಮಿತವಾಯಿತು.

6. ಹೋಲಿಕೆಯ ಬೆಳಕು ಮತ್ತು ಉಪಸಂಹಾರ

ಅಪರಾಧಮುಕ್ತಗೊಳಿಸುವುದು ಬೇರೆ, ಮಾರಾಟವನ್ನು ಕಾನೂನುಬದ್ಧಗೊಳಿಸುವುದು ಬೇರೆ. ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಲು ಪೋರ್ಚುಗಲ್ಲಿನ ನಿದರ್ಶನ ಉಪಯುಕ್ತ. 2001ರ ಜುಲೈ 1ರಿಂದ ಅಲ್ಲಿ ಹತ್ತು ದಿನಗಳ ಸ್ವಂತ ಬಳಕೆಗೆ ಸಾಲುವಷ್ಟು ವಸ್ತುವನ್ನು ಹೊಂದಿರುವುದು ಆಡಳಿತಾತ್ಮಕ ತಪ್ಪು ಮಾತ್ರ; ಮಾರಾಟವು ಅಪರಾಧವಾಗಿಯೇ ಉಳಿದಿದೆ. ಸಿಕ್ಕಿಬಿದ್ದವನು ಹೋಗಬೇಕಾದುದು ಕಾನೂನು, ವೈದ್ಯಕೀಯ, ಸಮಾಜಕಾರ್ಯ ಬಲ್ಲವರಿರುವ ಸಮಿತಿಯ ಮುಂದೆ. ಇದರ ಜೊತೆಗೇ ಚಿಕಿತ್ಸೆಯ ವ್ಯವಸ್ಥೆಯನ್ನೂ ವಿಸ್ತರಿಸಲಾಯಿತು. ಇದಕ್ಕೆ ವಿರುದ್ಧವಾದ ಪಾಠ ಅಮೆರಿಕದ ಒರೆಗಾನ್ ರಾಜ್ಯದ್ದು. 2020ರ ಜನಮತದಿಂದ ಶಿಕ್ಷೆಯನ್ನು ತೆಗೆದ ಆ ರಾಜ್ಯದಲ್ಲಿ ಚಿಕಿತ್ಸೆಯ ವ್ಯವಸ್ಥೆ ನಿಧಾನವಾಗಿ ಬಂದಿತು. ಜನರ ಅಸಮಾಧಾನ ಬೆಳೆದು 2024ರ ಸೆಪ್ಟೆಂಬರಿನಿಂದ ಶಿಕ್ಷೆಯು ಮರಳಿತು. ಶಿಕ್ಷೆಯನ್ನು ತೆಗೆದಷ್ಟಕ್ಕೇ ಆರೈಕೆ ಬರುವುದಿಲ್ಲ. ವಸಾಹತು ಕಾಲದ ಅಬಕಾರಿ ವ್ಯವಸ್ಥೆ ನಮಗೆ ಕಲಿಸುವ ಪಾಠವೂ ಇದೇ: ಅಲ್ಲಿ ಗಿರಾಕಿಗೆ ಶಿಕ್ಷೆಯಿರಲಿಲ್ಲ, ಆರೈಕೆಯೂ ಇರಲಿಲ್ಲ.

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ವ್ಯಸನಿಯನ್ನು ಅಪರಾಧಿಯೆಂದು ಕಾಣುವ ದೃಷ್ಟಿ ಭಾರತದಲ್ಲಿ ಪ್ರಾಚೀನವೂ ಅಲ್ಲ, ರಾಷ್ಟ್ರೀಯ ಚಳವಳಿಯ ಕೊಡುಗೆಯೂ ಅಲ್ಲ. ಇಂದಿನ ರೂಪದಲ್ಲಿ ಅದು 1985ರ ಸೃಷ್ಟಿ. ಎರಡು, ಅದಕ್ಕೆ ಪರ್ಯಾಯವಾದ ದೃಷ್ಟಿಯು 1894ರ ವರದಿಯ ಪರೀಕ್ಷಾ ವಿಧಾನದಲ್ಲಿ, 1949-59ರ ನೋಂದಣಿ ಕ್ರಮದಲ್ಲಿ ಹಾಗೂ ಸಂವಿಧಾನದಲ್ಲಿ ಆಗಲೇ ಇದೆ. ಮೂರು, ಕಾಯ್ದೆಯ ತಿದ್ದುಪಡಿಗಳು ಶಿಕ್ಷೆಯ ತೂಕವನ್ನು ಹೆಚ್ಚುಕಡಿಮೆ ಮಾಡಿವೆಯೇ ಹೊರತು ಮೊದಲು ಪೊಲೀಸು, ಆಮೇಲೆ ವೈದ್ಯ ಎಂಬ ಅನುಕ್ರಮವನ್ನು ಬದಲಿಸಿಲ್ಲ. ಈ ಅನುಕ್ರಮವನ್ನು ತಿರುಗಿಸುವುದೇ ಸುಧಾರಣೆಯ ತಿರುಳು. ಹಾಗೆ ಮಾಡುವಾಗ 47ನೆಯ ಅನುಚ್ಛೇದವನ್ನು ಬದಿಗಿಡಬೇಕಾಗಿಲ್ಲ. ಅದನ್ನು ಮೊದಲ ಪದದಿಂದ ಓದಿದರೆ ಸಾಕು.